ಒಂದೇ ಗುಂಯ್, ನಾಲ್ಕು ಕಾರಣ: ಮನೆಯಲ್ಲಿ ಕಟ್ಟಿದ ವಾಲ್ವ್ ಗಿಟಾರ್ ಆಂಪ್ಲಿಫೈಯರ್ ರಿಪೇರಿಯ ಪ್ರಕರಣ

ಅಕ್ಕನ ಮಗ ಆ ಆಂಪ್ಲಿಫೈಯರನ್ನು ಎದೆಗೆ ಅವುಚಿಕೊಂಡು ನಮ್ಮ ಮನೆಗೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಚಪ್ಪಲಿ ಬಿಡುವ ಮೊದಲೇ, "ಮಾಮ, ಎಲ್ಲಾ ಬದಲಾಯಿಸಿ ಆಯ್ತು. ಗುಂಯ್ ಅನ್ನೋದು ಮಾತ್ರ ಹೋಗ್ತಾನೇ ಇಲ್ಲ" ಅಂದ. ನಾಲ್ಕು ತಿಂಗಳು ರಾತ್ರಿ ಕೂತು ಕಟ್ಟಿದ್ದು ಅದು. ಮರದ ಪೆಟ್ಟಿಗೆಯನ್ನೂ ತಾನೇ ಮಾಡಿದ್ದ. ಅವನ ಮುಖ ನೋಡಿದರೆ ಸಂಕಟವಾಗುತ್ತಿತ್ತು.

ಸರ್ಕ್ಯೂಟ್ ಹೊಸದೇನಲ್ಲ. ಫೆಂಡರ್ ಕಂಪನಿಯ ಚಾಂಪ್ ಅನ್ನುವ ಪುಟ್ಟ ಆಂಪ್, ಮಾದರಿ 5ಎಫ್1. ಇಲ್ಲಿ 5 ಅಂದರೆ 1950ರ ದಶಕ, ಎಫ್ ಅಂದರೆ ಸರ್ಕ್ಯೂಟ್ ಎಷ್ಟನೇ ಸಲ ತಿದ್ದುಪಡಿಯಾಗಿದೆ ಅನ್ನುವ ಗುರುತು. ಇರುವುದು ಮೂರೇ ವಾಲ್ವ್, ಅಂದರೆ ಹಳೇ ರೇಡಿಯೊಗಳಲ್ಲಿದ್ದಂಥ ಗಾಜಿನ ನಿರ್ವಾತ ಕೊಳವೆ. ಗಿಟಾರಿನ ಸಣ್ಣ ಸಿಗ್ನಲ್ಲನ್ನು ದೊಡ್ಡದು ಮಾಡಲು ಒಂದು 12ಎಎಕ್ಸ್7, ಸ್ಪೀಕರ್ ಅಲುಗಾಡಿಸಲು ಒಂದು 6ವಿ6, ಎ.ಸಿ.ಯನ್ನು ಡಿ.ಸಿ. ಮಾಡಲು ಒಂದು 5ವೈ3. ಸಿಗುವುದು 5 ವಾಟ್ ಆಸುಪಾಸು. ವಾಲ್ಯೂಮ್ ಬಿಟ್ಟರೆ ಬೇರೆ ಗುಂಡಿ ಇಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಸರ್ಕ್ಯೂಟ್ ನನಗೆ ಗೊತ್ತಿಲ್ಲ. ಬಿಡಿಭಾಗ ಕಡಿಮೆ, ಹಾಗಾಗಿ ಪ್ರತಿ ಭಾಗವೂ ಏನು ಮಾಡುತ್ತಿದೆ ಅಂತ ನೇರವಾಗಿ ಕೇಳುತ್ತದೆ.

ದೂರು ಎರಡು. ಆನ್ ಮಾಡಿದ ಕ್ಷಣದಿಂದ ಗುಂಯ್ ಅನ್ನುವ ಸದ್ದು, ಜೊತೆಗೆ ಝರ್ರ್ ಅನ್ನುವ ಒರಟು. ಎರಡನೆಯದು, ಹತ್ತು ಹನ್ನೆರಡು ನಿಮಿಷ ನುಡಿಸಿದ ಮೇಲೆ ಸ್ವರ ಬಟ್ಟೆ ಹರಿದ ಹಾಗೆ ಹರಿಯುತ್ತದೆ. ವಾಲ್ವ್ ಆಂಪ್ ಜೋರು ಮಾಡಿದಾಗ ಬರುವ ಆ ಸಿಹಿ ಒಡಕು ಇದಲ್ಲ. ವಾಲ್ಯೂಮ್ ಕಾಲು ಭಾಗದಲ್ಲಿದ್ದರೂ ಹರಿಯುತ್ತಿತ್ತು.

ಅವನು ಅಷ್ಟರಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಬೆಂಗಳೂರಿನ ಎಸ್.ಪಿ. ರೋಡಿಗೆ ಮೂರು ಸಲ ಹೋಗಿ ಬಂದಿದ್ದ. ಡಿ.ಸಿ.ಯ ಏರಿಳಿತ ತಗ್ಗಿಸುವ ಫಿಲ್ಟರ್ ಕಂಡೆನ್ಸರ್‌ಗಳನ್ನು ಎರಡು ಸಲ ಬದಲಾಯಿಸಿದ್ದ. 12ಎಎಕ್ಸ್7 ಒಂದು ಸಲ, 6ವಿ6 ಎರಡು ಸಲ. ಗುಂಯ್ ಇದ್ದಲ್ಲೇ ಇತ್ತು.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಪ್ಲಗ್. ಅರ್ತ್ ಪಿನ್ ಇರಲಿಲ್ಲ. ಕೇಳಿದರೆ, ಅರ್ತ್ ತೆಗೆದರೆ ಹಮ್, ಅಂದರೆ ಈ ಗುಂಯ್, ಕಡಿಮೆಯಾಗುತ್ತದೆ ಅಂತ ಯಾರೋ ಹೇಳಿದ್ದರಂತೆ. ಲ್ಯಾಪ್‌ಟಾಪಿನ ಜೊತೆ ಸೇರಿಸಿ ನುಡಿಸುವಾಗ ಕಡಿಮೆಯೂ ಆಗಿತ್ತಂತೆ. ಆಗುತ್ತದೆ, ನಿಜ. ಎರಡು ಸಾಮಾನು ಎರಡು ದಾರಿಯಲ್ಲಿ ಅರ್ತ್‌ಗೆ ಸೇರಿದಾಗ ಅಲ್ಲೊಂದು ಸುತ್ತು ಹುಟ್ಟುತ್ತದೆ. ಒಂದು ಅರ್ತ್ ಕಿತ್ತರೆ ಆ ಸುತ್ತು ಕಡಿಯುತ್ತದೆ. ಆದರೆ ಈ ಡಬ್ಬಿಯೊಳಗೆ 230 ವೋಲ್ಟಿನ ಮೇನ್ಸ್ ಬರುತ್ತದೆ. ಅದರ ಲೈವ್ ತಂತಿ ಕಳಚಿ ಚಾಸಿಗೆ, ಅಂದರೆ ಎಲ್ಲವನ್ನೂ ಕೂರಿಸಿರುವ ಲೋಹದ ತಟ್ಟೆಗೆ, ತಾಗಿದರೆ ಅದು ಗಿಟಾರಿನ ಸ್ಟೀಲ್ ತಂತಿಗಳವರೆಗೂ ಬರುತ್ತದೆ. ಆ ತಂತಿಗಳ ಮೇಲಿರುವುದು ಹುಡುಗನ ಬೆರಳು. ಬೇರೆ ಏನು ಮುಟ್ಟುವುದಕ್ಕೂ ಮೊದಲು ಮೂರು ಪಿನ್ನಿನ ಪ್ಲಗ್ ಹಾಕಿಸಿದೆ, ಅರ್ತ್ ತಂತಿಗೆ ಚಾಸಿಯಲ್ಲಿ ಅದರದ್ದೇ ಒಂದು ಬೋಲ್ಟ್ ಕೊಟ್ಟೆ. ಆಮೇಲೆ ಆಂಪನ್ನು ಸೀರೀಸ್ ಬೋರ್ಡಿಗೆ ಹಾಕಿದೆ. ಮೇನ್ಸ್ ತಂತಿಯ ನಡುವೆ ಒಂದು 60 ವಾಟಿನ ಫಿಲಮೆಂಟ್ ಬಲ್ಬ್, ಅಷ್ಟೇ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಆಂಪ್ ಉಳಿಯುತ್ತದೆ. ಬಲ್ಬ್ ಒಮ್ಮೆ ಬೆಳಗಿ ಮಂಕಾಯಿತು. ಶಾರ್ಟ್ ಇಲ್ಲ ಅಂತಾಯಿತು. ಬಲ್ಬ್ ತೆಗೆದು ನೇರ ಮೇನ್ಸ್‌ಗೆ ಕೊಟ್ಟೆ.

ಆಫ್ ಮಾಡಿದ ಮೇಲೂ ಕಂಡೆನ್ಸರ್‌ಗಳಲ್ಲಿ ಕರೆಂಟ್ ನಿಂತಿರುತ್ತದೆ. ಪ್ರತಿ ಸಲ ಕೈ ಹಾಕುವ ಮೊದಲು 10 ಕಿಲೋಓಮ್, 5 ವಾಟಿನ ರೆಸಿಸ್ಟರ್ ಹಿಡಿದು ಅವನ್ನು ಖಾಲಿ ಮಾಡಿದ್ದೇವೆ, ಮೀಟರಿನಲ್ಲಿ ಸೊನ್ನೆ ನೋಡಿದ್ದೇವೆ. ಮುಂದೆ "ಬಿಚ್ಚಿದೆ", "ಬದಲಾಯಿಸಿದೆ" ಅಂತ ಬರೆದಲ್ಲೆಲ್ಲಾ ಇದು ಆಗಿದೆ ಅಂತಲೇ ಓದಿಕೊಳ್ಳಿ.

ಮೂರನೇ ಫ್ರೆಟ್

ನಾನು ಸಾಲ್ಡರಿಂಗ್ ಐರನ್ ಬಿಸಿ ಮಾಡಲಿಲ್ಲ. "ಗಿಟಾರ್ ತಗೋ, ದಪ್ಪ ಇ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟು" ಅಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ಮೀಟಿದ. ಆ ಸ್ವರ 98 ಹರ್ಟ್ಸ್. ನಮ್ಮ ಮೇನ್ಸ್ 50 ಹರ್ಟ್ಸ್. 5ವೈ3 ಎ.ಸಿ. ಅಲೆಯ ಎರಡೂ ಅರ್ಧಗಳನ್ನು ಬಳಸಿಕೊಳ್ಳುವುದರಿಂದ ಡಿ.ಸಿ. ಮೇಲೆ ಉಳಿಯುವ ಏರಿಳಿತ 100 ಹರ್ಟ್ಸ್. 98 ಮತ್ತು 100 ಒಟ್ಟಿಗೆ ಕೇಳಿದರೆ ಸೆಕೆಂಡಿಗೆ ಸುಮಾರು ಎರಡು ಸಲ ಸದ್ದು ಉಬ್ಬಿ ಇಳಿಯುತ್ತದೆ. ತಂಬೂರಿ ಶ್ರುತಿ ಮಾಡುವವರಿಗೆ ಈ ಅಲೆ ಚೆನ್ನಾಗಿ ಗೊತ್ತು. ಅವನು ತಂತಿ ಮೀಟಿ ಸುಮ್ನೆ ನಿಂತ. ವಾಂವ್, ವಾಂವ್, ವಾಂವ್. "ಕೇಳ್ತು ಮಾಮ!" ಅಂದ.

ಅಂದರೆ 100 ಹರ್ಟ್ಸ್ ಇದೆ. ಆದರೆ ಅದರ ಕೆಳಗೆ ಇನ್ನೊಂದು ಸದ್ದಿತ್ತು, ಒಂದು ಸ್ಥಾಯಿ ಕೆಳಗೆ, ಮೆತ್ತಗೆ ಊಂ ಅನ್ನುವುದು. ಎಂಟು ಇಂಚಿನ ಸ್ಪೀಕರಿನಲ್ಲಿ 50 ಹರ್ಟ್ಸ್ ಕಿವಿಗೆ ಅಷ್ಟಾಗಿ ಬರುವುದಿಲ್ಲ. ಕೋನ್ ಮೇಲೆ ಬೆರಳಿನ ತುದಿ ಮೆಲ್ಲಗೆ ಇಟ್ಟರೆ ನಡುಕ ಸಿಗುತ್ತದೆ. ಅದೂ ಇತ್ತು.

ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ, ಎರಡರ ತವರು ಬೇರೆ ಬೇರೆ. 100 ಹರ್ಟ್ಸ್ ಬರುವುದು ಡಿ.ಸಿ. ಕಡೆಯಿಂದ: ಫಿಲ್ಟರ್ ಕಂಡೆನ್ಸರ್, ಇಲ್ಲವೇ ಅವುಗಳ ಗ್ರೌಂಡ್ ದಾರಿ. 50 ಹರ್ಟ್ಸ್ ಬರುವುದು ಎ.ಸಿ. ಕಡೆಯಿಂದ: ವಾಲ್ವ್‌ಗಳನ್ನು ಒಳಗಿನಿಂದ ಬಿಸಿ ಮಾಡುವ ಫಿಲಮೆಂಟಿನ ವೈರಿಂಗ್, ಇಲ್ಲವೇ ಪವರ್ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ. 50ರ ಗುಂಯ್‌ಗೆ ಎಷ್ಟು ಫಿಲ್ಟರ್ ಕಂಡೆನ್ಸರ್ ಬದಲಾಯಿಸಿದರೂ ಏನೂ ಆಗುವುದಿಲ್ಲ. ಹುಡುಗನ ದುಡ್ಡು ಹೋದದ್ದು ಅಲ್ಲೇ.

ಆಮೇಲೆ ಸ್ಪೀಕರಿನ ತುದಿಗಳಿಗೆ ಮಲ್ಟಿಮೀಟರ್ ಹಾಕಿ ಎ.ಸಿ. ಮಿಲಿವೋಲ್ಟ್ ಬರೆದುಕೊಂಡೆವು. ಗಿಟಾರ್ ಚುಚ್ಚಿರಲಿಲ್ಲ. ವಾಲ್ಯೂಮ್ ಸೊನ್ನೆಯಲ್ಲಿ 46, ಪೂರ್ತಿ ತಿರುಗಿಸಿದರೆ 310. ಕಿವಿಯನ್ನು ನಾನು ನಂಬುತ್ತೇನೆ, ಆದರೆ ಕಿವಿ ಬೇಗ ಒಗ್ಗಿಹೋಗುತ್ತದೆ. ಅರ್ಧ ಗಂಟೆ ಆದಮೇಲೆ "ಈಗ ಕಡಿಮೆ ಆಯ್ತು ಅಲ್ವಾ?" ಅನ್ನಿಸಲು ಶುರುವಾಗುತ್ತದೆ. ಕಾಗದದ ಮೇಲಿನ ಅಂಕಿಗೆ ಆ ತೊಂದರೆ ಇಲ್ಲ.

ಇನ್ನು ವಾಲ್ವ್ ಕೀಳುವ ಪರೀಕ್ಷೆ. ಮೊದಲು ನನ್ನ ಡಬ್ಬಿಯಿಂದ ಬಿಇಎಲ್ ಮುದ್ರೆಯ ಒಂದು ಇಸಿಸಿ83 ತೆಗೆದು 12ಎಎಕ್ಸ್7 ಜಾಗಕ್ಕೆ ಹಾಕಿದೆ. ಎರಡೂ ಒಂದೇ ವಾಲ್ವ್, ಹೆಸರು ಮಾತ್ರ ಬೇರೆ. ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಲ್ಲಿ ರೇಡಿಯೊ ವಾಲ್ವ್ ತಯಾರಿಕೆ ಶುರು ಮಾಡಿತ್ತು. ಆ ಕಾಲದ ವಾಲ್ವ್‌ಗಳಲ್ಲಿ ನನ್ನ ಹತ್ತಿರ ಉಳಿದಿರುವ ಒಳ್ಳೆಯದು ಇದೊಂದೇ, ಪರೀಕ್ಷೆಗೆಂದೇ ಇಟ್ಟುಕೊಂಡಿದ್ದೇನೆ. ಅಂಕಿ ಬದಲಾಗಲಿಲ್ಲ. ವಾಲ್ವ್ ಮೇಲೆ ತಪ್ಪಿಲ್ಲ. ಆಮೇಲೆ ಅದನ್ನೂ ಕಿತ್ತೆ, ಸಾಕೆಟ್ ಖಾಲಿ. 46 ಇದ್ದದ್ದು 19ಕ್ಕೆ ಇಳಿಯಿತು. ಝರ್ರ್ ಪೂರ್ತಿ ಹೋಯಿತು. ಹಾಗಾದರೆ ದೊಡ್ಡ ಪಾಲು ಮೊದಲ ವಾಲ್ವಿನ ಸುತ್ತಮುತ್ತ ಒಳಗೆ ಬರುತ್ತಿದೆ.

ಮುಂದಿನದು 6ವಿ6. ಅದೊಂದನ್ನೇ ಕಿತ್ತು ಆನ್ ಮಾಡಬಾರದು. ಅದು ಎಳೆಯುವ ಕರೆಂಟ್ ಇಲ್ಲದಿದ್ದರೆ ಎಚ್.ಟಿ. ವೋಲ್ಟೇಜ್, ಅಂದರೆ ವಾಲ್ವ್‌ಗಳನ್ನು ನಡೆಸುವ 345 ವೋಲ್ಟಿನ ಡಿ.ಸಿ., 450 ದಾಟಿ ಏರುತ್ತದೆ, 450 ವೋಲ್ಟಿನ ಕಂಡೆನ್ಸರ್‌ಗಳು ತಡೆಯುವುದಿಲ್ಲ. ಹಾಗಾಗಿ 5ವೈ3 ಕೂಡ ಕಿತ್ತು ಆನ್ ಮಾಡಿದೆ. ಈಗ ಆಂಪಿನಲ್ಲಿ ಒಂದೂ ವಾಲ್ವ್ ಇಲ್ಲ. ಹುಡುಗ ಸ್ಪೀಕರಿಗೆ ಕಿವಿ ಕೊಟ್ಟ. ಊಂ ಅನ್ನುತ್ತಿತ್ತು. ಮೀಟರಿನಲ್ಲಿ 12 ಮಿಲಿವೋಲ್ಟ್.

"ವಾಲ್ವೇ ಇಲ್ಲ, ಸದ್ದು ಎಲ್ಲಿಂದ ಬರ್ತಿದೆ ಮಾಮ?"

ಚಾಸಿ ತಿರುಗಿಸಿ ತೋರಿಸಿದೆ. ಪವರ್ ಟ್ರಾನ್ಸ್‌ಫಾರ್ಮರ್ ಮತ್ತು ವಾಲ್ವಿನಿಂದ ಸ್ಪೀಕರಿಗೆ ಸಿಗ್ನಲ್ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎರಡು ಬೆರಳಿನ ಅಂತರದಲ್ಲಿ, ಒಂದೇ ದಿಕ್ಕಿಗೆ ಮುಖಮಾಡಿ ಕೂತಿದ್ದವು. ಒಂದರ ಕಾಂತಕ್ಷೇತ್ರ ಇನ್ನೊಂದರ ಸುರುಳಿಗೆ ನೇರ ಹೊಕ್ಕುತ್ತಿತ್ತು. ನೋಡಲು ಅಚ್ಚುಕಟ್ಟು, ಕೇಳಲು ಅಲ್ಲ.

ಇಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಒಂದೇ ಸದ್ದು ಅಂದುಕೊಂಡಿದ್ದದ್ದು ನಾಲ್ಕಾಗಿ ಬಿಡಿಸಿಕೊಂಡಿತ್ತು: ಮೊದಲ ವಾಲ್ವಿನ ಹತ್ತಿರ ಒಂದು 50, ಅಲ್ಲೇ ಒಂದು ಒರಟು 100, ಟ್ರಾನ್ಸ್‌ಫಾರ್ಮರಿನಿಂದ ಟ್ರಾನ್ಸ್‌ಫಾರ್ಮರಿಗೆ ಹಾರುವ ಇನ್ನೊಂದು 50, ಫಿಲ್ಟರಿನಲ್ಲಿ ಉಳಿದ ನಯವಾದ 100.

ಫಿಲಮೆಂಟ್ ಮತ್ತು ಗ್ರೌಂಡ್

ಫಿಲಮೆಂಟ್ ವೈಂಡಿಂಗ್ 6.3 ವೋಲ್ಟ್, ಅದಕ್ಕೆ ನಡುವಿನ ತಂತಿ ಇರಲಿಲ್ಲ. ಅವನು ಎರಡೂ ತುದಿಗಳನ್ನು ಸಾಕೆಟ್‌ಗಳಿಗೆ ಕೊಟ್ಟು ಸುಮ್ಮನಿದ್ದ. ಅಂದರೆ ಆ ಇಡೀ ವೈಂಡಿಂಗ್ ಗ್ರೌಂಡಿಗೆ ಯಾವ ಸಂಬಂಧವೂ ಇಲ್ಲದೆ ತೇಲುತ್ತಿತ್ತು. ತೇಲುವ ಫಿಲಮೆಂಟ್ ಪಕ್ಕದಲ್ಲಿರುವ ಸೂಕ್ಷ್ಮ ಗ್ರಿಡ್‌ಗೆ, ಅಂದರೆ ವಾಲ್ವಿನೊಳಗೆ ಸಿಗ್ನಲ್ ಸೇರುವ ಭಾಗಕ್ಕೆ, 50 ಹರ್ಟ್ಸ್ ದಾಟಿಸುತ್ತದೆ. ಎರಡು 100 ಓಮ್, ಅರ್ಧ ವಾಟಿನ ರೆಸಿಸ್ಟರ್ ಸಾಕು. ಒಂದೊಂದು ತುದಿಗೆ ಒಂದೊಂದು, ಎರಡರ ಇನ್ನೊಂದು ಕೊನೆ ಒಟ್ಟಿಗೆ. ಅಲ್ಲಿಗೆ ಒಂದು ಕೃತಕ ನಡುಬಿಂದು ಸಿಕ್ಕಿತು. ಅದನ್ನು ಗ್ರೌಂಡಿಗೆ ಸೇರಿಸುವುದು ರೂಢಿ. ನಾನು 6ವಿ6ರ ಕ್ಯಾಥೋಡಿಗೆ (ಬಿಸಿಯಾಗಿ ಎಲೆಕ್ಟ್ರಾನ್ ಬಿಡುವ ಭಾಗ), ಅಂದರೆ 8ನೇ ಪಿನ್ನಿಗೆ ಸೇರಿಸುತ್ತೇನೆ. ಅಲ್ಲಿ ಸುಮಾರು 19 ವೋಲ್ಟ್ ಇರಬೇಕು. ಫಿಲಮೆಂಟ್ ಅಷ್ಟು ಮೇಲಿದ್ದರೆ ಅದರಿಂದ ಮೊದಲ ವಾಲ್ವಿನ ಕ್ಯಾಥೋಡ್ ಕಡೆಗೆ ಸೋರುವ ಎಲೆಕ್ಟ್ರಾನ್‌ಗಳು ನಿಲ್ಲುತ್ತವೆ. ಫಿಲಮೆಂಟ್ ತಂತಿಗಳನ್ನು ಬಿಚ್ಚಿ, ಬಿಗಿಯಾಗಿ ಹೊಸೆದು, ಚಾಸಿಯ ಮೂಲೆಗುಂಟ ಎಳೆದೆವು. ವಾಲ್ಯೂಮ್ ಸೊನ್ನೆಯಲ್ಲಿ 46 ಇದ್ದದ್ದು 33 ಆಯಿತು. ಪೂರ್ತಿ ವಾಲ್ಯೂಮಿನಲ್ಲಿ 310 ಇದ್ದದ್ದು 220.

ಗ್ರೌಂಡಿನ ಕಥೆ ಇನ್ನೂ ಸ್ವಾರಸ್ಯದ್ದು. ಅವನು ಒಂದು ತಾಮ್ರದ ತಂತಿಯನ್ನು ಚಾಸಿಯ ಈ ಕೊನೆಯಿಂದ ಆ ಕೊನೆಗೆ, ಸುಮಾರು 20 ಸೆಂಟಿಮೀಟರ್, ಬಸ್ ಅಂತ, ಅಂದರೆ ಎಲ್ಲಾ ಗ್ರೌಂಡ್ ತಂತಿ ಬಂದು ಸೇರುವ ಸಾಮಾನ್ಯ ತಂತಿಯಾಗಿ, ಹಾಕಿದ್ದ. ಬೆಸುಗೆ ಎಲ್ಲಾ ಹೊಳೆಯುತ್ತಿತ್ತು. ಪವರ್ ಟ್ರಾನ್ಸ್‌ಫಾರ್ಮರಿನ ಎಚ್.ಟಿ. ನಡುತಂತಿಯನ್ನು ಇನ್‌ಪುಟ್ ಜ್ಯಾಕ್ ಕಡೆಯ ಕೊನೆಗೆ ಬೆಸೆದಿದ್ದ. ಮೊದಲ ಫಿಲ್ಟರ್ ಕಂಡೆನ್ಸರಿನ ಮೈನಸ್ ಇನ್ನೊಂದು ಕೊನೆಗೆ. "ಗ್ರೌಂಡ್ ಅಂದ್ರೆ ಗ್ರೌಂಡೇ ಅಲ್ವಾ ಮಾಮ, ಎಲ್ಲಿ ಸೇರಿಸಿದ್ರೇನು?"

ಸೇರಿಸುವ ಜಾಗವೇ ಇಲ್ಲಿ ಎಲ್ಲಾ. ಕಂಡೆನ್ಸರ್ ಸಮನಾಗಿ ತುಂಬುವುದಿಲ್ಲ. ಸೆಕೆಂಡಿಗೆ 100 ಸಲ, ಪ್ರತಿ ಅಲೆಯ ತುದಿಯಲ್ಲಿ ಗಬಕ್ಕನೆ ನುಂಗುತ್ತದೆ. ಆಂಪ್ ಸರಾಸರಿ 45 ಮಿಲಿಆಂಪ್ ಎಳೆಯುತ್ತಿದ್ದರೂ ಆ ಗುಟುಕು 250 ಮಿಲಿಆಂಪ್ ಮುಟ್ಟಬಹುದು. ಆ ಗುಟುಕು ಹೋಗುವ ದಾರಿ ಕಂಡೆನ್ಸರಿನ ಮೈನಸ್‌ನಿಂದ ನಡುತಂತಿಗೆ. ಈ ಆಂಪಿನಲ್ಲಿ ಆ ದಾರಿ ಅಂದರೆ ಇಡೀ ಬಸ್. ಆ ತಂತಿಯ ರೆಸಿಸ್ಟೆನ್ಸ್ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 10 ಮಿಲಿಓಮ್. 250 ಮಿಲಿಆಂಪ್ ಹರಿದರೆ ಎರಡೂವರೆ ಮಿಲಿವೋಲ್ಟ್. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಮೊದಲ ವಾಲ್ವಿನ ಕ್ಯಾಥೋಡ್, ಇನ್‌ಪುಟ್ ಜ್ಯಾಕ್, ವಾಲ್ಯೂಮ್ ಎಲ್ಲವೂ ಅದೇ ಬಸ್ ಮೇಲೆ ಬೇರೆ ಬೇರೆ ಜಾಗದಲ್ಲಿ ಕೂತಿವೆ. ಮೆಲ್ಲಗೆ ಮೀಟಿದ ಗಿಟಾರ್ ಕೊಡುವುದೇ ಕೆಲವು ಹತ್ತು ಮಿಲಿವೋಲ್ಟ್. ಅದರ ಜೊತೆಗೆ ಈ ಚೂಪು ಗುಟುಕುಗಳೂ ಸೇರಿ ದೊಡ್ಡದಾಗುತ್ತಿದ್ದವು. ಚೂಪಾಗಿರುವುದಕ್ಕೇ ಅದು ಗುಂಯ್ ಅನ್ನದೆ ಝರ್ರ್ ಅನ್ನುತ್ತಿದ್ದದ್ದು.

ನಡುತಂತಿಯನ್ನು ಕಿತ್ತು ನೇರ ಮೊದಲ ಕಂಡೆನ್ಸರಿನ ಮೈನಸ್ ಕಾಲಿಗೇ ಬೆಸೆದೆವು. ಅಲ್ಲಿಂದ ಬಸ್ಸಿಗೆ ಒಂದೇ ತಂತಿ. ಬಸ್ ಚಾಸಿಯನ್ನು ಮುಟ್ಟುವುದು ಒಂದೇ ಕಡೆ, ಇನ್‌ಪುಟ್ ಜ್ಯಾಕ್ ಹತ್ತಿರ. ಈಗ ಗುಟುಕುಗಳು ಕಂಡೆನ್ಸರ್, ಟ್ರಾನ್ಸ್‌ಫಾರ್ಮರ್ ನಡುವೆಯೇ ಓಡಾಡಿಕೊಂಡಿರುತ್ತವೆ. ಖರ್ಚು ಸೊನ್ನೆ, ಒಂದು ತಂತಿ ಆ ಕಡೆಯಿಂದ ಈ ಕಡೆಗೆ. ಆನ್ ಮಾಡಿ ವಾಲ್ಯೂಮ್ ಪೂರ್ತಿ ತಿರುಗಿಸಿದ. 220 ಇದ್ದದ್ದು 30. ಸೊನ್ನೆಯಲ್ಲಿ 20. ಹುಡುಗ ಆಂಪ್ ಕೆಟ್ಟುಹೋಯಿತೇನೋ ಅಂತ ಗಾಬರಿಯಾಗಿ ತಂತಿ ಮೀಟಿ ನೋಡಿದ.

ಹರಿದ ಸ್ವರ

ಫಿಲಮೆಂಟಿನ ನಡುಬಿಂದುವನ್ನು 8ನೇ ಪಿನ್ನಿಗೆ ಸೇರಿಸಿದಾಗ ಅಲ್ಲಿ 19 ವೋಲ್ಟ್ ಇರಬೇಕು ಅಂದೆನಲ್ಲ, ಅದನ್ನು ಅಳೆಯಲು ಮೀಟರ್ ಇಟ್ಟಿದ್ದೆ. ಮೊದಲು 20 ಇತ್ತು. ಅದನ್ನು ಹಾಗೇ ಬಿಟ್ಟು ಮಾತಾಡುತ್ತಿದ್ದೆವು. ಸ್ವಲ್ಪ ಹೊತ್ತಿಗೆ 21.5. ಆಮೇಲೆ 23. ಹನ್ನೆರಡು ನಿಮಿಷಕ್ಕೆ 25 ದಾಟಿತು. ಅಷ್ಟು ಹೊತ್ತಿಗೇ ಅವನ ಸ್ವರ ಹರಿಯುತ್ತಿದ್ದದ್ದು ಅಲ್ವಾ?

ಕ್ಯಾಥೋಡಿನಲ್ಲಿ 470 ಓಮ್ ಇದೆ. 19 ವೋಲ್ಟ್ ಅಂದರೆ 40 ಮಿಲಿಆಂಪ್. 25 ಅಂದರೆ 53. 6ವಿ6ರ ಪ್ಲೇಟ್, ಅಂದರೆ ಎಲೆಕ್ಟ್ರಾನ್‌ಗಳು ಬಂದು ಬೀಳುವ ಲೋಹದ ತಗಡು, ತಡೆಯುವುದು 12 ವಾಟ್, ಈಗ 15ರ ಹತ್ತಿರ ಹೋಗಿತ್ತು. ಲೈಟ್ ಆರಿಸಿ, ಪರದೆ ಎಳೆದು ನೋಡಿದೆವು. ಕಪ್ಪು ಪ್ಲೇಟಿನ ಒಂದು ಪಕ್ಕದಲ್ಲಿ ಮಂಕು ಕೆಂಪು, ಆರುವ ಕೆಂಡದ ಹಾಗೆ. ಫಿಲಮೆಂಟಿನ ಕಿತ್ತಳೆ ಬೆಳಕಿಗೂ ಅದಕ್ಕೂ ವ್ಯತ್ಯಾಸ ಒಮ್ಮೆ ನೋಡಿದರೆ ಮರೆಯುವುದಿಲ್ಲ. ತಕ್ಷಣ ಆಫ್ ಮಾಡಿಸಿದೆ. ಅವನು ಬದಲಾಯಿಸಿದ್ದ ಹಿಂದಿನ 6ವಿ6 ಕೂಡ ಹೀಗೇ ಬೆಂದಿರಬೇಕು.

ಗ್ರಿಡ್ ಸೊನ್ನೆ ವೋಲ್ಟಿನಲ್ಲಿ ಇರಬೇಕಾದದ್ದು. 5ನೇ ಪಿನ್ನಿನಲ್ಲಿ ಅಳೆದರೆ ಬಿಸಿಯಾದ ಮೇಲೆ ಪ್ಲಸ್ 9. ಇದಕ್ಕೆ ಎರಡು ಕಾರಣ ಇರಬಹುದು. ವಾಲ್ವಿನೊಳಗೆ ಗ್ಯಾಸ್ ಸೇರಿ ಗ್ರಿಡ್ ತಾನೇ ಮೇಲೇಳುವುದು ಒಂದು. ಹಿಂದಿನ ವಾಲ್ವಿನ ಪ್ಲೇಟಿನಿಂದ ಸಿಗ್ನಲ್ ಮಾತ್ರ ದಾಟಿಸಿ ಡಿ.ಸಿ. ತಡೆಯಬೇಕಾದ ಕಪ್ಲಿಂಗ್ ಕಂಡೆನ್ಸರ್ ಸೋರುವುದು ಇನ್ನೊಂದು. ಬೇರ್ಪಡಿಸುವುದು ಸುಲಭ. ಕಂಡೆನ್ಸರಿನ ಒಂದು ಕಾಲು ಎತ್ತಿ ಮತ್ತೆ ಅಳೆದೆವು. ಹದಿನೈದು ನಿಮಿಷ ಕಾದರೂ ಗ್ರಿಡ್ ಸೊನ್ನೆ ಬಿಟ್ಟು ಕದಲಲಿಲ್ಲ. ವಾಲ್ವ್ ನಿರಪರಾಧಿ.

ಆ ಕಂಡೆನ್ಸರ್ ಕೈಯಲ್ಲಿ ಹಿಡಿದು ನೋಡಿದೆ. ಮೇಣ ಹಚ್ಚಿದ ಪೇಪರ್ ಕಂಡೆನ್ಸರ್, ಅಂಚಿನಲ್ಲಿ ಮೇಣ ಕಂದಿ ಬೆವರಿದ ಹಾಗಿತ್ತು. ಹಳೇ ರೇಡಿಯೊದಿಂದ ಬಿಚ್ಚಿದ್ದಂತೆ, ಹಳೇ ಕಾಲದ ಸೌಂಡ್ ಬರಲಿ ಅಂತ. ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಅವನು ಪರೀಕ್ಷಿಸಿದ್ದ, ಸೋರಿಕೆ ಕಂಡಿರಲಿಲ್ಲ. ಕಾಣುವುದೂ ಇಲ್ಲ. ಮೀಟರ್ ಕೊಡುವುದು ಕೆಲವೇ ವೋಲ್ಟ್, ಇಲ್ಲಿ ಅದರ ಮೇಲೆ ಇರುವುದು 170 ವೋಲ್ಟ್, ಜೊತೆಗೆ ವಾಲ್ವಿನ ಶಾಖ. ಲೆಕ್ಕ ನೋಡಿ: ಗ್ರಿಡ್ಡಿನ 220 ಕಿಲೋಓಮ್ ಮೇಲೆ 9 ವೋಲ್ಟ್ ಅಂದರೆ ಹರಿಯುತ್ತಿರುವುದು 41 ಮೈಕ್ರೋಆಂಪ್. ಕಂಡೆನ್ಸರ್ 4 ಮೆಗಾಓಮಿನ ರೆಸಿಸ್ಟರ್ ಥರ ನಡೆದುಕೊಳ್ಳುತ್ತಿದೆ ಅಂತಾಯಿತು. ಅಷ್ಟು ಸಣ್ಣ ಸೋರಿಕೆ ಒಂದು 6ವಿ6ನ್ನು ಬೇಯಿಸಿಬಿಡುತ್ತದೆ.

ಹಳೇ ರೇಡಿಯೊಗಳ ಮೇಲೆ ನನಗೆ ಬಹಳ ಪ್ರೀತಿ. ಆದರೆ ಹಳೇ ಪೇಪರ್ ಕಂಡೆನ್ಸರನ್ನು ಯಾರೂ ಹೊಸ ಆಂಪಿಗೆ ಹಾಕಬಾರದು. ಕಾಗದ ವರ್ಷಗಟ್ಟಲೆ ತೇವ ಕುಡಿದಿರುತ್ತದೆ. ಕೆಲವೇ ರೂಪಾಯಿಯ 0.022 ಮೈಕ್ರೋಫ್ಯಾರಡ್, 630 ವೋಲ್ಟಿನ ಫಿಲ್ಮ್ ಕಂಡೆನ್ಸರ್ ಎರಡು ಹಾಕಿದೆವು. ಎರಡು ಯಾಕೆಂದರೆ ಮೊದಲ ಕಪ್ಲಿಂಗ್ ಜಾಗದಲ್ಲೂ ಅದೇ ಹಳೆಯದಿತ್ತು. ಒಂದು ಗಂಟೆ ಆನ್ ಇಟ್ಟರೂ ಕ್ಯಾಥೋಡ್ 19 ವೋಲ್ಟಿನಲ್ಲೇ ನಿಂತಿತು. ಸ್ವರ ಹರಿಯಲಿಲ್ಲ.

ಅಲ್ಲಿಗೆ ಮುಗಿಯಿತು ಅಂದುಕೊಂಡು ಊಟ ಮಾಡಿದೆವು. ಸಂಜೆ ಅವನು ಮೆಲ್ಲಗೆ ನುಡಿಸುತ್ತಿದ್ದಾಗ ನನಗೆ ಸಮಾಧಾನ ಆಗಲಿಲ್ಲ. ತೆಳು ತಂತಿಗಳು ಸೊಗಸಾಗಿ ಬರುತ್ತಿದ್ದವು. ದಪ್ಪ ಇ ತಂತಿ ಮಾತ್ರ ಕೆಸರಿನಲ್ಲಿ ಕಾಲಿಟ್ಟ ಹಾಗೆ. ವಾಲ್ಯೂಮ್ ಎಷ್ಟು ಕಡಿಮೆ ಮಾಡಿದರೂ ಅಷ್ಟೇ. ಫೋನಿನಲ್ಲಿ ಟೋನ್ ಬರುವ ಆ್ಯಪ್ ಹಾಕಿ ಆಂಪಿಗೆ ಕೊಟ್ಟೆ, ಸ್ಪೀಕರಿಗೆ ನನ್ನ ಹಳೇ ಸಿ.ಆರ್.ಒ. (ಅಲೆಯ ಆಕಾರ ಪರದೆ ಮೇಲೆ ತೋರಿಸುವ ಆಸಿಲೋಸ್ಕೋಪ್) ಹಚ್ಚಿದೆ. 400 ಹರ್ಟ್ಸ್‌ನಲ್ಲಿ ದುಂಡನೆಯ ಅಲೆ. 82 ಹರ್ಟ್ಸ್, ಅಂದರೆ ಖಾಲಿ ಇ ತಂತಿಯ ಸ್ವರಕ್ಕೆ ಇಳಿಸಿದೆ. ಅಲೆಯ ಮೇಲಿನ ಅರ್ಧ ದುಂಡಗಿತ್ತು, ಕೆಳಗಿನ ಅರ್ಧ ಕೈಯಿಂದ ಒತ್ತಿದ ಹಾಗೆ ಚಪ್ಪಟೆ.

ಒಂದೇ ಪಕ್ಕ, ಅದೂ ಕೆಳಗಿನ ಸ್ವರಗಳಲ್ಲಿ ಮಾತ್ರ. ನನಗೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೇಲೆ ಅನುಮಾನ ಬಂತು. ಈ ಆಂಪಿನಲ್ಲಿ ಔಟ್‌ಪುಟ್ ವಾಲ್ವ್ ಒಂದೇ. ಅದರ ಪ್ಲೇಟಿನ ಪೂರ್ತಿ ಡಿ.ಸಿ. ಕರೆಂಟ್, ಸುಮಾರು 37 ಮಿಲಿಆಂಪ್, ಸದಾ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಎರಡು ವಾಲ್ವಿನ ಪುಷ್-ಪುಲ್ ಆಂಪಿನಲ್ಲಿ ಒಂದರ ಡಿ.ಸಿ. ಇನ್ನೊಂದನ್ನು ರದ್ದು ಮಾಡುತ್ತದೆ. ಇಲ್ಲಿ ರದ್ದು ಮಾಡುವವರು ಯಾರೂ ಇಲ್ಲ. ಕೋರ್ ಒಂದು ಪಕ್ಕಕ್ಕೆ ವಾಲಿಕೊಂಡೇ ಇರುತ್ತದೆ. ಅದಕ್ಕೇ ಇಂಥ ಟ್ರಾನ್ಸ್‌ಫಾರ್ಮರಿನ ಕೋರಿನಲ್ಲಿ ಕಾಗದದಷ್ಟು ತೆಳುವಾದ ಏರ್ ಗ್ಯಾಪ್ ಬಿಡುತ್ತಾರೆ. ಗ್ಯಾಪ್ ಇಲ್ಲದಿದ್ದರೆ ಕೋರ್ ಡಿ.ಸಿ.ಯಿಂದಲೇ ತುಂಬಿಹೋಗುತ್ತದೆ, ತಗ್ಗು ಸ್ವರಗಳಿಗೆ ಜಾಗ ಉಳಿಯುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಒಂದು ಹಳೇ ವಾಲ್ವ್ ರೇಡಿಯೊದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ತಾತ್ಕಾಲಿಕವಾಗಿ ಸೇರಿಸಿದೆ. 82 ಹರ್ಟ್ಸ್ ಎರಡೂ ಪಕ್ಕ ದುಂಡಗಾಯಿತು. ಈ ಒಂದು ಪರೀಕ್ಷೆ ಮಾಡದೆ ಟ್ರಾನ್ಸ್‌ಫಾರ್ಮರ್ ಬಿಚ್ಚಿದ್ದರೆ ಅದು ಬರೀ ಊಹೆಯಾಗುತ್ತಿತ್ತು.

ಸೋಮವಾರ ಇಬ್ಬರೂ ಅದನ್ನು ವೈಂಡಿಂಗ್ ಮಾಡಿಕೊಟ್ಟವರ ಹತ್ತಿರ ಹೋದೆವು. ವಯಸ್ಸಾದವರು, ಕೆಲಸ ಚೊಕ್ಕ. ನಾಲ್ಕು ಬೋಲ್ಟ್ ಬಿಚ್ಚಿ ನೋಡಿದರು. ಸ್ಟ್ಯಾಂಪಿಂಗ್‌ಗಳನ್ನು, ಅಂದರೆ ಇಂಗ್ಲಿಷಿನ ಇ ಮತ್ತು ಐ ಆಕಾರದ ಕೋರಿನ ತೆಳು ತಗಡುಗಳನ್ನು, ಒಂದು ಇ ಈ ಕಡೆಯಿಂದ, ಮುಂದಿನದು ಆ ಕಡೆಯಿಂದ, ಹೀಗೆ ಹೆಣೆದು ತುಂಬಿದ್ದರು. ಮೇನ್ಸ್ ಟ್ರಾನ್ಸ್‌ಫಾರ್ಮರಿಗೆ ಅದೇ ಸರಿ. "ಇದು ಸಿಂಗಲ್ ವಾಲ್ವ್‌ಗಾ? ಮೊದಲೇ ಹೇಳ್ಬಾರದಾ ಮಗ? ನೀನು ಚೀಟಿಲಿ ಬರೆದಿದ್ದು 7 ಕೆ, 4 ಓಮ್, 5 ವಾಟ್ ಅಷ್ಟೇ" ಅಂದರು. ನಿಜ, ಚೀಟಿಯಲ್ಲಿ ಡಿ.ಸಿ. ಮಾತೇ ಇರಲಿಲ್ಲ. ವಾರ್ನಿಷ್‌ನಲ್ಲಿ ಅದ್ದಿರಲಿಲ್ಲವಾದ್ದರಿಂದ ಕೆಲಸ ಸುಲಭವಾಯಿತು. ಎಲ್ಲಾ ಇ ಸ್ಟ್ಯಾಂಪಿಂಗ್ ಒಂದೇ ಕಡೆಯಿಂದ ತುಂಬಿ, ಎಲ್ಲಾ ಐ ಇನ್ನೊಂದು ಕಡೆ ಕಟ್ಟಾಗಿ ಇಟ್ಟು, ನಡುವೆ ಸುಮಾರು 0.1 ಮಿಲಿಮೀಟರ್ ದಪ್ಪದ ಇನ್ಸುಲೇಷನ್ ಕಾಗದ ಇಟ್ಟು ಬಿಗಿದರು. ಅರ್ಧ ಗಂಟೆ. ದುಡ್ಡು ತೆಗೆದುಕೊಳ್ಳಲಿಲ್ಲ, ಕಾಫಿ ಕುಡಿಸಿ ಕಳಿಸಿದರು.

ವಾಪಸ್ ಕೂರಿಸುವಾಗ ಸ್ಕ್ರೂ ಹಾಕುವ ಮೊದಲು ವಾಲ್ವ್‌ಗಳನ್ನೆಲ್ಲಾ ಕಿತ್ತು ಪವರ್ ಟ್ರಾನ್ಸ್‌ಫಾರ್ಮರಿಗೆ ಮಾತ್ರ ಕರೆಂಟ್ ಕೊಟ್ಟೆವು. ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಚಾಸಿ ಮೇಲಿಟ್ಟು, ಸೆಕೆಂಡರಿಗೆ ಮೀಟರ್ ಸಿಕ್ಕಿಸಿ, ಹುಡುಗ ಅದನ್ನು ನಿಧಾನವಾಗಿ ತಿರುಗಿಸುತ್ತಾ ಹೋದ. 12, 10, 7, 3. ಕಾಲು ಸುತ್ತು ತಿರುಗಿ, ನಾಲ್ಕು ಬೆರಳು ದೂರ ಸರಿದ ಜಾಗದಲ್ಲಿ 2. ಅಲ್ಲೇ ಗುರುತು ಹಾಕಿ ತೂತು ಕೊರೆದ.

ಎಲ್ಲಾ ಸೇರಿಸಿ ಆನ್ ಮಾಡಿದರೆ ಆಂಪ್ ಕುಕ್ಕರ್ ಸೀಟಿಯ ಹಾಗೆ ಕಿರುಚಿತು. ಹುಡುಗ ಹಾರಿ ಹಿಂದೆ ಸರಿದ. ನನಗೆ ಇದು ಗೊತ್ತಿದ್ದ ಕಿರುಚು. ಸ್ಪೀಕರಿನಿಂದ 22 ಕಿಲೋಓಮ್ ಮೂಲಕ ಸ್ವಲ್ಪ ಸಿಗ್ನಲ್ ಹಿಂದಕ್ಕೆ, 12ಎಎಕ್ಸ್7ರ ಎರಡನೇ ಅರ್ಧಕ್ಕೆ ಹೋಗುತ್ತದೆ. ಅದು ಮೂಲ ಸಿಗ್ನಲ್ಲನ್ನು ಕಡಿಮೆ ಮಾಡುವ ಹಾಗೆ ಸೇರಬೇಕು. ಪ್ರೈಮರಿಯ ಎರಡು ತಂತಿ ಅದಲುಬದಲಾದರೆ ಹೆಚ್ಚಿಸುವ ಹಾಗೆ ಸೇರುತ್ತದೆ, ಆಂಪ್ ಕೂಗುತ್ತದೆ. ಎರಡು ತಂತಿ ಬದಲಾಯಿಸಿದೆವು, ಶಾಂತವಾಯಿತು.

ಉಳಿದದ್ದು ಫಿಲ್ಟರಿನ ನಯವಾದ 100. ಈ ಸರ್ಕ್ಯೂಟ್ ಹುಟ್ಟಿದ್ದು ಅಮೆರಿಕದಲ್ಲಿ, ಅಲ್ಲಿನ ಮೇನ್ಸ್ 60 ಹರ್ಟ್ಸ್. ಅದೇ ಕಂಡೆನ್ಸರ್ ನಮ್ಮ 50 ಹರ್ಟ್ಸ್‌ನಲ್ಲಿ ಸುಮಾರು 20 ಶೇಕಡಾ ಜಾಸ್ತಿ ಏರಿಳಿತ ಬಿಡುತ್ತದೆ. ಮೂಲದಲ್ಲಿರುವ 16, 8, 8 ಮೈಕ್ರೋಫ್ಯಾರಡ್ ಬದಲು ಮೂರೂ ಕಡೆ 22 ಹಾಕಿದೆವು, 500 ವೋಲ್ಟಿನವು. 500 ಯಾಕೆಂದರೆ 5ವೈ3 ಬೇಗ ಬಿಸಿಯಾಗುತ್ತದೆ, ಉಳಿದೆರಡು ವಾಲ್ವ್ ನಿಧಾನ. ಆ ಕೆಲವು ಸೆಕೆಂಡ್ ವೋಲ್ಟೇಜ್ ತುಂಬಾ ಮೇಲೆ ಹೋಗಿರುತ್ತದೆ. "100 ಹಾಕೋಣ ಮಾಮ" ಅಂದ. ಬೇಡ ಅಂದೆ. ಮೊದಲ ಕಂಡೆನ್ಸರ್ ದೊಡ್ಡದಾದಷ್ಟೂ 5ವೈ3 ಪ್ರತಿ ಗುಟುಕಿಗೆ ಕೊಡಬೇಕಾದ ಕರೆಂಟ್ ಜಾಸ್ತಿ, ಅದರ ಆಯುಸ್ಸು ಕಡಿಮೆ.

ಕೊನೆಯ ಅಂಕಿ: ವಾಲ್ಯೂಮ್ ಸೊನ್ನೆಯಲ್ಲಿ 9 ಮಿಲಿವೋಲ್ಟ್, ಪೂರ್ತಿಯಲ್ಲಿ 21. ಒಂದು ಅಡಿ ಹತ್ತಿರ ಕಿವಿ ತಂದರೆ ಮಾತ್ರ ಏನೋ ಇದೆ ಅನ್ನಿಸುತ್ತದೆ. ಅವನು ಮೂರನೇ ಫ್ರೆಟ್ ಒತ್ತಿ ಮೀಟಿದ. ಅಲೆ ಇಲ್ಲ. ತಂತಿಯ ಸ್ವರ ಒಂದೇ ಮೆಲ್ಲಗೆ ಇಳಿಯುತ್ತಾ ಹೋಯಿತು.

ಆಮೇಲೆ ಗಿಟಾರಿನ ವಾಲ್ಯೂಮ್ ತಿರುಗಿಸಿದಾಗ ಮತ್ತೆ ಸಣ್ಣ ಗುಂಯ್ ಬಂತು. ಅವನ ಮುಖ ಸಪ್ಪಗಾಯಿತು. "ಗಿಟಾರ್ ಹಿಡಿದುಕೊಂಡು ಅಲ್ಲೇ ನಿಧಾನವಾಗಿ ತಿರುಗು" ಅಂದೆ. ಅವನದು ಸಿಂಗಲ್ ಕಾಯಿಲ್ ಪಿಕಪ್. ಮನೆಯ ವೈರಿಂಗ್, ಫ್ಯಾನ್ ರೆಗ್ಯುಲೇಟರ್, ಎಲ್ಲದರ ಕ್ಷೇತ್ರವನ್ನೂ ಆ ಸುರುಳಿ ಹಿಡಿಯುತ್ತದೆ. ಟ್ರಾನ್ಸ್‌ಫಾರ್ಮರ್ ತಿರುಗಿಸಿದ ಹಾಗೆಯೇ ಅವನು ತನ್ನನ್ನೇ ತಿರುಗಿಸಿಕೊಳ್ಳುತ್ತಾ ಹೋದ. ಕಿಟಕಿಯ ಕಡೆ ಮುಖ ಬಂದಾಗ ಗುಂಯ್ ನಿಂತಿತು. ಕುರ್ಚಿ ಎಳೆದು ಅಲ್ಲೇ ಹಾಕಿಕೊಂಡು ಕೂತ. ರಾತ್ರಿ ಹತ್ತೂವರೆವರೆಗೆ ನುಡಿಸಿದ.